ಒಪ್ಪಿಸಿದ ಹಸು, ಹುಟ್ಟಿದ ಕರು

ಗಂಡನನ್ನು ಪೆರುಂದುರೈಯ ಕ್ಷಯದ ಆಸ್ಪತ್ರೆಗೆ ಸೇರಿಸಲು ಹೊರಟ ದಿನ ಸೆಲ್ಲಮ್ಮ ಅತ್ತದ್ದು ಹಸುವಿನ ಮುಂದೆ ಮಾತ್ರ. ಆಮೇಲೆ ಸೆರಗಿನಲ್ಲಿ ಮುಖ ಒರೆಸಿಕೊಂಡು, ಗೂಟದಿಂದ ಹಗ್ಗ ಬಿಚ್ಚಿ, ಹಸುವನ್ನು ಪಕ್ಕದ ಮನೆಗೆ ಹಿಡಿದುಕೊಂಡು ಹೋದಳು. ಅದು ಅವಳ ಗಂಡ ಗೋವಿಂದಸಾಮಿಯ ಅಣ್ಣ ನಂಜಪ್ಪನ್‌ ಇದ್ದ ಮನೆ. ತಮಿಳುನಾಡಿನ ಕುನ್ನತ್ತೂರಿನಲ್ಲಿ, ಮನೆಮಾತು ಕನ್ನಡವಾದ ಆ ನೇಕಾರರ ಬೀದಿಯಲ್ಲಿ, ಅಣ್ಣತಮ್ಮಂದಿರ ಎರಡು ಮನೆಗೂ ನಡುವೆ ಇದ್ದದ್ದು ಒಂದು ಮಣ್ಣಿನ ಗೋಡೆ. ಈ ಕಡೆ ಲಾಳಿ ಓಡಿದರೆ ಆ ಕಡೆ ಕೇಳುತ್ತಿತ್ತು.

"ಬಾವ, ಹಸು ನಿಮ್ಮ ಕೈಲಿ ಒಪ್ಪಿಸ್ತಾ ಇದೀನಿ," ಎಂದಳು. "ಗಬ್ಬ ಇದೆ. ಕರು ಕುಡಿದು ಮಿಕ್ಕಿದ ಹಾಲು ನಿಮ್ಮ ಮನೆಗೆ. ಹುಲ್ಲು, ಹಿಂಡಿ ಅದರಲ್ಲೇ ಸರಿ ಮಾಡ್ಕೊಳ್ಳಿ. ನಾವು ಬಂದ್ಮೇಲೆ ಹಸು, ಕರು ಎರಡೂ ಬಿಟ್ಕೊಡಿ."

"ಅದು ಹೇಳೋ ಮಾತಾ? ನೀನು ಮೊದಲು ನನ್ನ ತಮ್ಮನ್ನ ನೋಡ್ಕೋ, ಹೋಗು," ಎಂದು ನಂಜಪ್ಪನ್ ಹಗ್ಗ ತೆಗೆದುಕೊಂಡ. ಅವನ ಹೆಂಡತಿ ರುಕ್ಮಣಿ ಬಾಗಿಲಲ್ಲಿ ಅಕ್ಕಚ್ಚಿನ ಪಾತ್ರೆ ಹಿಡಿದು ನಿಂತಿದ್ದಳು. ಬಂದು ಅದನ್ನು ಹಸುವಿನ ಮುಂದೆ ಇಟ್ಟಳು.

ಅದು ಸೆಲ್ಲಮ್ಮನ ತವರಿನ ಹಸು. ಅವಳ ಮದುವೆಯಲ್ಲಿ ತಾಯಿ ಕಾಂಗೇಯದ ಕಡೆಯಿಂದ ಒಂದು ಹಸು ಕೊಟ್ಟಿದ್ದಳು. ಇದು ಅದರ ಮಗಳ ಮಗಳು. ಬಿಳಿ ಮೈ, ಕಾಡಿಗೆ ಹಚ್ಚಿದಂಥ ಕಣ್ಣು. ಗೋವಿಂದಸಾಮಿ ಒಂದು ಮಗ್ಗ, ಅವಳು ಒಂದು ಮಗ್ಗ ನೇಯ್ದು ಮನೆ ನಡೆಸಿದ್ದರೂ, ಮಗಳು ಕಲಾಳ ಮದುವೆಯ ಹೊತ್ತಿಗೆ ಕೈಹಿಡಿದದ್ದು ಆ ಹಸುವಿನ ಸಂತತಿಯೇ.

ಮಳೆಗಾಲಕ್ಕೆ ಮುಂಚೆ ಹೋದವರು ಪೊಂಗಲ್ ಕಳೆದ ಮೇಲೆ ಊರಿಗೆ ಬಂದರು. ನಡುವೆ ಒಮ್ಮೆ ರುಕ್ಮಣಿ ಆಸ್ಪತ್ರೆಗೆ ಬಂದವರ ಬಾಯಲ್ಲಿ ಹೇಳಿ ಕಳಿಸಿದ್ದಳು: ಹೆಣ್ಣು ಕರು, ಕೆಂಪಗಿದೆ, ಚೆನ್ನಾಗಿ ಕುಡಿಯುತ್ತಿದೆ. ಸೆಲ್ಲಮ್ಮ ಅದನ್ನು ಗಂಡನ ಕಿವಿಯಲ್ಲಿ ಹೇಳಿದಾಗ ಅವನು ಬಹಳ ದಿನದ ಮೇಲೆ ನಕ್ಕಿದ್ದ. ವಾಸಿಯಾಯಿತು ಎಂದು ಡಾಕ್ಟರ್ ಕಳಿಸಿಕೊಟ್ಟಾಗ ಅವನ ಭುಜದ ಮೂಳೆಗಳು ಅಂಗಿಯೊಳಗೆ ಕಾಣುತ್ತಿದ್ದವು. ಕಾಲು ಇಳಿಬಿಟ್ಟು ಕೂತು ನೇಯುವ ಮಗ್ಗದ ಗುಂಡಿಗೆ ಇಳಿಯುವ ಶಕ್ತಿ ಇನ್ನೂ ಬಂದಿರಲಿಲ್ಲ.

ಬಂದ ಮರುದಿನ ಬೆಳಿಗ್ಗೆ ನಂಜಪ್ಪನ್ ತಾನೇ ಹಸುವನ್ನು ಹಿಡಿದುಕೊಂಡು ಬಂದು ಅವಳ ಗೂಟಕ್ಕೆ ಕಟ್ಟಿದ. ಹಸು ಬಡಕಲಾಗಿತ್ತು. ಅದು ಪಕ್ಕದ ಮನೆಯ ಕಡೆ ಕತ್ತು ತಿರುಗಿಸಿ ಕೂಗಿತು. ಆ ಕಡೆಯಿಂದ ಕರು ಕೂಗಿತು.

"ಕರು ಎಲ್ಲಿ, ಬಾವ?"

"ಕರು ಯಾಕೆ? ನೀನು ಕೊಟ್ಟಿದ್ದು ಒಂದು ಹಸು. ಒಂದು ಹಸು ತಂದು ಕಟ್ಟಿದೀನಿ. ಎಣಿಸ್ಕೋ."

ಸೆಲ್ಲಮ್ಮ ಮೊದಲು ಅದನ್ನು ತಮಾಷೆ ಎಂದುಕೊಂಡಳು. ಬಾವ ತಮಾಷೆಯ ಮನುಷ್ಯನಲ್ಲ ಎನ್ನುವುದು ಆಮೇಲೆ ನೆನಪಾಯಿತು.

"ಹೊಟ್ಟೇಲಿ ಕರು ಇಟ್ಕೊಂಡೇ ಅಲ್ವಾ ಅದು ನಿಮ್ಮ ಮನೆಗೆ ಬಂದಿದ್ದು?"

"ಹುಟ್ಟಿದ್ದು ನನ್ನ ಕೊಟ್ಟಿಗೇಲಿ. ಮಳೇಲಿ ನೆನೆದು ಹುಲ್ಲು ತಂದು ಹಾಕಿದ್ದು ನಾನು. ಹಸು ಸಾಯದ ಹಾಗೆ ನೋಡ್ಕೊಂಡಿದ್ದೇ ದೊಡ್ಡ ಉಪಕಾರ. ಕರು ನನ್ನದು."

ಹುಲ್ಲು ತಂದು ಹಾಕಿದ್ದು ರುಕ್ಮಣಿ ಎಂದು ಬೀದಿಗೆಲ್ಲ ಗೊತ್ತು. ಸೆಲ್ಲಮ್ಮ ಗೋಡೆ ದಾಟಿ ಹೋಗಿ ಕರುವಿನ ಹಗ್ಗಕ್ಕೆ ಕೈ ಹಾಕಿದಳು. ನಂಜಪ್ಪನ್ ಅವಳ ಮಣಿಕಟ್ಟು ಹಿಡಿದು ತಿರುಚಿ ತಳ್ಳಿದ. ಅವಳು ಕೊಟ್ಟಿಗೆಯ ಕಂಬಕ್ಕೆ ತಾಗಿ ಬಿದ್ದಳು. ರುಕ್ಮಣಿ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದಳು. ಒಂದು ಮಾತೂ ಆಡಲಿಲ್ಲ. ಆ ಮೌನ ಸೆಲ್ಲಮ್ಮನಿಗೆ ಕೈಯ ನೋವಿಗಿಂತ ಹೆಚ್ಚು ಉರಿಯಿತು.

ಬೀದಿಯ ಹಿರಿಯ ಎಂದರೆ ಶಿವಲಿಂಗಂ. ಎಲ್ಲರ ಮಗ್ಗಕ್ಕೂ ನೂಲು ಕೊಡುವವನು ಅವನೇ, ನೇಯ್ದ ಸೀರೆ ತೆಗೆದುಕೊಂಡು ಕೂಲಿ ಕೊಡುವವನೂ ಅವನೇ. ಮುದಲಾಳಿ, ಅಂದರೆ ಧಣಿ, ಎಂದೇ ಅವನನ್ನು ಎಲ್ಲರೂ ಕರೆಯುತ್ತಿದ್ದರು. ಸೆಲ್ಲಮ್ಮ ಅದೇ ಮಧ್ಯಾಹ್ನ ಅವನ ಮನೆಯ ಜಗಲಿಯ ಮುಂದೆ ಹೋಗಿ ನಿಂತಳು. ಅವನು ಎಲೆಯಡಿಕೆ ಮೆಲ್ಲುತ್ತ ಎಲ್ಲ ಕೇಳಿದ.

"ಒಂದೇ ರಕ್ತದ ಜಗಳ, ಸೆಲ್ಲಮ್ಮ. ದೊಡ್ಡದು ಮಾಡಬೇಡ. ಈ ಕರು ಅವನು ಇಟ್ಕೊಳ್ಳಲಿ. ಮುಂದಿನ ಕರು ನೀನು ಇಟ್ಕೋ."

"ಮುಂದಿನ ಕರು ನನ್ನ ಕೊಟ್ಟಿಗೇಲಿ ನನ್ನ ಹಸು ಹಾಕೋ ಕರು, ಮುದಲಾಳಿ! ಅದನ್ನ ನನಗೆ ಕೊಡೋಕೆ ಇವರು ಯಾರು?"

"ಗಂಟಲು ಏರಿಸಬೇಡಮ್ಮಾ. ಗಂಡಸರು ಕೂತು ಮಾತಾಡೋ ವಿಷಯ. ನಿನ್ನ ಗಂಡನೇ ಸರಿ ಅಂತ ಹೇಳಿದಾನಂತೆ, ನಿನಗೇನು?"

ಅವಳು ಅಲ್ಲಿಂದ ಬಿರಬಿರನೆ ಹೊರಟಳು. ಮನೆಗೆ ಬಂದಾಗ ಗೋವಿಂದಸಾಮಿ ಗೋಡೆಗೆ ಒರಗಿ ಕೂತು ಬಿಸಿಲು ಕಾಯಿಸಿಕೊಳ್ಳುತ್ತಿದ್ದ. ಅವಳು ಅವನ ಬಿಸಿಲಿಗೆ ಅಡ್ಡವಾಗಿ ನಿಂತಳು.

"ಇಲ್ನೋಡಿ. ಕರು ಇಟ್ಕೋ ಅಂತ ಅಣ್ಣನಿಗೆ ಹೇಳಿದ್ರಾ?"

ಅವನು ಕಣ್ಣು ಕೆಳಗೆ ಹಾಕಿದ. "ನಿನ್ನೆ ಸಾಯಂಕಾಲ ಬಂದು ಕೇಳ್ದ. ತನ್ನ ಮಗಳ ಮನೆಗೆ ಕೊಡ್ತೀನಿ ಅಂತ ಮಾತು ಕೊಟ್ಬಿಟ್ಟಿದಾನಂತೆ. ಅಣ್ಣ ಅಲ್ವಾ, ಚಿಕ್ಕಂದಿನಲ್ಲಿ ಎತ್ತಿ ಆಡಿಸಿದೋನು. ಇಲ್ಲ ಅನ್ನೋಕೆ ಬಾಯಿ ಬರಲಿಲ್ಲ."

"ಅದು ನಿಮ್ಮ ಅಪ್ಪನ ಮನೆ ಹಸುವಾ?"

"ಸೆಲ್ಲಾ…"

"ನಿಮ್ಮ ಅಪ್ಪನ ಮನೆ ಹಸುವಾ ಅಂದೆ! ನನ್ನ ತಾಯಿ ಕೊಟ್ಟಿದ್ದು. ನಿಮ್ಮ ಎಂಜಲು ಬಟ್ಟಲು ತೊಳೆದೆ, ನೀವು ಉಗುಳಿದ ರಕ್ತ ಬಳಿದೆ, ಒಂದು ದಿನ ಮೂಗು ಮುರೀಲಿಲ್ಲ. ಹುಷಾರಾಗಿ ಬಂದು ನೀವು ಮಾಡಿದ ಮೊದಲನೇ ಕೆಲಸ ಇದಾ?"

ಅವನು ಕೆಮ್ಮತೊಡಗಿದ. ಬೇರೆ ದಿನವಾಗಿದ್ದರೆ ಅವಳು ಓಡಿ ಹೋಗಿ ಬೆನ್ನು ಸವರುತ್ತಿದ್ದಳು. ಅಂದು ನೀರಿನ ಚೊಂಬನ್ನು ಅವನ ಕೈಗೆಟುಕುವಲ್ಲಿ ಕುಟ್ಟಿ ಇಟ್ಟು ಒಳಗೆ ಹೋದಳು. ಅವಳಿಗೆ ಅವನ ಮೇಲೆ ಇಷ್ಟು ಸಿಟ್ಟು ಎಂದೂ ಬಂದಿರಲಿಲ್ಲ. ಬಾವ ಕಳ್ಳನಾದರೆ ಕಳ್ಳನ ಹಾಗೆ ನಡೆದುಕೊಂಡ. ಗಂಡ ಬೀಗ ತೆಗೆದುಕೊಟ್ಟಿದ್ದ.

ಕೊಯಮತ್ತೂರಿನಲ್ಲಿ ಅವಳಿಗೆ ಗೊತ್ತಿದ್ದ ಒಬ್ಬರು ವಕೀಲರಿದ್ದರು, ಅನಂತಪದ್ಮನಾಭ. ಅವರ ತಾಯಿ ತುಳಸಮ್ಮ ವರ್ಷಕ್ಕೊಮ್ಮೆ ಸೆಲ್ಲಮ್ಮನ ಕೈಯಿಂದಲೇ ನೂಲಿನ ಸೀರೆ ತೆಗೆದುಕೊಳ್ಳುತ್ತಿದ್ದರು. ಆ ಮನೆಯಲ್ಲಿ ಕನ್ನಡ ಮಾತಾಡುತ್ತಾರೆ ಎನ್ನುವುದೇ ಅವಳಿಗೆ ಒಂದು ಧೈರ್ಯ. ಮರುದಿನ ಬೆಳಗಿನ ಬಸ್ಸಿಗೆ ಹೊರಟಳು. ಅದೇ ಊರಿನ ಗಣಪತಿ ಬಡಾವಣೆಯಲ್ಲಿದ್ದ ಮಗಳು ಕಲಾಳ ಮನೆಗೂ ಹೋಗಲಿಲ್ಲ. ಹೋದರೆ ಅವಳೂ "ದೊಡ್ಡಪ್ಪ ಅಲ್ವಾ, ಬಿಡಮ್ಮಾ" ಎಂದಾಳು ಎಂಬ ಭಯ.

ವಕೀಲರು ಕೋರ್ಟಿಗೆ ಹೊರಡುವ ಅವಸರದಲ್ಲಿದ್ದರು. ಕಪ್ಪು ಕೋಟು ಕುರ್ಚಿಯ ಮೇಲೆ ಬಿದ್ದಿತ್ತು. ಸೆಲ್ಲಮ್ಮ ನಿಂತುಕೊಂಡೇ ಎಲ್ಲ ಹೇಳಿದಳು. ಅವರು ಒಂದೊಂದೇ ಪ್ರಶ್ನೆ ಕೇಳಿದರು. ಹಸು ಯಾರದು? ಕೊಡುವಾಗ ಏನು ಮಾತಾಯಿತು? ಹಾಲು ಯಾರು ತೆಗೆದುಕೊಂಡರು? ಆ ಮಾತು ಕೇಳಿದವರು ಯಾರಾದರೂ ಇದ್ದಾರಾ?

"ರುಕ್ಮಣಿ ಅಕ್ಕ ಇದ್ರು. ಆದರೆ ಅವರು ಬಾವನ ಹೆಂಡತಿ. ಬಾಯಿ ಬಿಡಲ್ಲ."

ಅನಂತಪದ್ಮನಾಭ ಎದ್ದು ಬೀರುವಿನಿಂದ ಒಂದು ದಪ್ಪ ಪುಸ್ತಕ ತೆಗೆದು ಹಾಳೆ ಮಗುಚಿದರು. ಅವರ ಮುಖದಲ್ಲಿ ಸಣ್ಣ ನಗು ಬಂತು.

"ಕೇಳಿ ಸೆಲ್ಲಮ್ಮ, ನಾನು ಕನ್ನಡದಲ್ಲಿ ಹೇಳ್ತೀನಿ. ಒಬ್ಬರ ವಸ್ತುವನ್ನ ನಂಬಿ ಇನ್ನೊಬ್ಬರ ವಶಕ್ಕೆ ಕೊಟ್ಟರೆ, ಅವರು ಅದನ್ನ ತಮ್ಮ ವಸ್ತುವಿನ ಹಾಗೆ ಜೋಪಾನ ಮಾಡಬೇಕು, ಹೊತ್ತಿಗೆ ವಾಪಸ್ ಕೊಡಬೇಕು. ಬೇರೆ ಮಾತು ಆಗಿಲ್ಲದಿದ್ದರೆ, ಆ ವಸ್ತುವಿನಿಂದ ಹೆಚ್ಚಿದ್ದು ಏನಿದ್ದರೂ ಅದೂ ಕೊಟ್ಟವರಿಗೇ ಸೇರಬೇಕು. ಇದಕ್ಕೆ ಇಲ್ಲೇ ಒಂದು ಉದಾಹರಣೆ ಕೊಟ್ಟಿದಾರೆ. ಏನು ಗೊತ್ತಾ? ಒಬ್ಬ ತನ್ನ ಹಸುವನ್ನ ಇನ್ನೊಬ್ಬನ ಹತ್ತಿರ ಬಿಡ್ತಾನೆ. ಹಸು ಕರು ಹಾಕತ್ತೆ. ಹಸುವಿನ ಜೊತೆ ಕರುವನ್ನೂ ಒಪ್ಪಿಸಬೇಕು."

ಸೆಲ್ಲಮ್ಮ ಪುಸ್ತಕವನ್ನೇ ನೋಡಿದಳು. "ಹಸು ಅಂತಾನೇ ಬರೆದಿದಾರಾ?"

"ಹಸು, ಕರು ಅಂತಾನೇ. ನೂರು ವರ್ಷಕ್ಕೂ ಹಿಂದಿನ ಕಾನೂನು."

ಸಮಾಧಾನವಾಗಬೇಕಿತ್ತು, ಅವಳಿಗೆ ಸಿಟ್ಟು ಇನ್ನೂ ಏರಿತು. "ಎಲ್ಲೋ ಇದ್ದ ಬಿಳೀ ದೊರೆಗಳಿಗೆ ಗೊತ್ತಿರೋದು, ಪಕ್ಕದ ಮನೆ ಬಾವನಿಗೆ ಗೊತ್ತಿಲ್ವಾ ಸಾಮಿ?"

"ಗೊತ್ತಿರತ್ತೆ. ಗೊತ್ತಿದ್ದೇ ಮಾಡಿರ್ತಾರೆ."

"ನನ್ನ ಗಂಡ ಇಟ್ಕೋ ಅಂದುಬಿಟ್ಟಿದಾರಲ್ಲ?"

"ಹಸು ನಿಮ್ಮ ತಾಯಿ ನಿಮಗೆ ಕೊಟ್ಟಿದ್ದು. ಅದು ನಿಮ್ಮ ಸ್ವತ್ತು. ನಿಮ್ಮ ಗಂಡ ಅದನ್ನ ದಾನ ಮಾಡೋಕಾಗಲ್ಲ. ನಿಮ್ಮ ಬಾವ ಬೇರೆಯವರಿಗೆ ಮಾರಿದರೂ ಅಷ್ಟೇ, ಕೊಂಡವನಿಗೆ ಅದು ದಕ್ಕಲ್ಲ. ನಂಬಿ ಕೊಟ್ಟಿದ್ದನ್ನ ನುಂಗಿದರೆ ಪೊಲೀಸ್ ಕೇಸೂ ಆಗತ್ತೆ, ಜೈಲೂ ಇದೆ." ಅವರು ಪುಸ್ತಕ ಮುಚ್ಚಿದರು. "ಆದರೆ ನಿಜ ಹೇಳ್ತೀನಿ. ದಾವೆ ಹಾಕಿದರೆ ತೀರ್ಪು ಬರೋ ಹೊತ್ತಿಗೆ ಆ ಕರು ಅಜ್ಜಿಯಾಗಿರತ್ತೆ. ಪೊಲೀಸರ ಹತ್ತಿರ ಹೋದರೆ ನಿಮ್ಮ ಮನೆಯೇ ಒಡೆಯತ್ತೆ. ಮೊದಲು ನೋಟೀಸು ಕಳಿಸೋಣ. ಅಷ್ಟರಲ್ಲಿ ಊರಲ್ಲೇ ನಾಲ್ಕು ಜನರ ಮುಂದೆ ಗಟ್ಟಿಯಾಗಿ ಕೇಳಿ. ಕೇಳೋ ಹಕ್ಕು ನಿಮಗಿದೆ."

ತುಳಸಮ್ಮ ಊಟಕ್ಕೆ ಕೂಡಿಸಿದರು. ಸೆಲ್ಲಮ್ಮ ಎರಡು ತುತ್ತು ತಿಂದು, ಬಸ್ಸಿಗೆ ಹೊತ್ತಾಯಿತೆಂದು ಎದ್ದಳು.

ಅವಳು ವಕೀಲರ ಹತ್ತಿರ ಹೋದ ಸುದ್ದಿ ಅವಳಿಗಿಂತ ಮುಂಚೆ ಕುನ್ನತ್ತೂರು ತಲುಪಿತ್ತು. ಬಸ್ಸಿನಲ್ಲಿ ಯಾರೋ ಕಂಡಿದ್ದರು, ಗೋವಿಂದಸಾಮಿಯೂ ಬಾಯಿ ಬಿಟ್ಟಿದ್ದ. "ನನ್ನ ಮಗಳ ಮನೆಗೂ ಬೇಡ, ಇವಳಿಗೂ ಬೇಡ, ಸಂತೆಗೆ ಹೊಡೀತೀನಿ," ಎಂದು ನಂಜಪ್ಪನ್ ಬೀದಿಯಲ್ಲಿ ಕೂಗಿದ್ದನಂತೆ. ಸಂತೆಯ ದಿನ ಬೆಳಿಗ್ಗೆ ಗೋಡೆಯಾಚೆ ಕರುವಿನ ಕೂಗು ಕೇಳದಾದಾಗ ಸೆಲ್ಲಮ್ಮನಿಗೆ ಅರ್ಥವಾಯಿತು. ಮಗ್ಗದ ಗುಂಡಿಯಿಂದ ಎದ್ದವಳು ತಲೆ ಬಾಚಿಕೊಳ್ಳದೆ ನಡೆದಳು. ಗೋವಿಂದಸಾಮಿ ಹಿಂದಿನಿಂದ, "ಬೇಡ ಸೆಲ್ಲಾ, ಅಲ್ಲಿ ಗಂಡಸರಿರ್ತಾರೆ," ಎಂದ. ಅವಳು ತಿರುಗಿ ನೋಡಲಿಲ್ಲ.

ದನದ ಸಂತೆಯಲ್ಲಿ ನಿಜಕ್ಕೂ ಗಂಡಸರೇ. ಹುಣಸೆ ಮರಗಳ ಕೆಳಗೆ ಎತ್ತು, ಎಮ್ಮೆ, ಧೂಳು, ಬೀಡಿ ಹೊಗೆ. ನಂಜಪ್ಪನ ಎದುರು ಒಬ್ಬ ದಲ್ಲಾಳಿ ನಿಂತು, ಇಬ್ಬರ ಕೈಯ ಮೇಲೆ ಟವೆಲ್ ಹೊದಿಸಿ, ಒಳಗೆ ಬೆರಳು ಹಿಡಿದು ಬೆಲೆ ಕೇಳುತ್ತಿದ್ದ. ಕರು ಪಕ್ಕದಲ್ಲಿತ್ತು. ಹುಟ್ಟಿದಾಗಿನ ಕೆಂಪು ಬಣ್ಣ ಬಿಟ್ಟು ಬೆನ್ನಿನ ಮೇಲೆ ಬೂದಿ ಬಣ್ಣ ಇಳಿಯುತ್ತಿತ್ತು. ಸೆಲ್ಲಮ್ಮ ಅದನ್ನು ಕೊಟ್ಟಿಗೆಯ ಹೊರಗೆ, ಬಯಲ ಬೆಳಕಿನಲ್ಲಿ, ಅಂದೇ ಕಣ್ತುಂಬ ನೋಡಿದ್ದು. ಅದರ ಕಣ್ಣಿನ ಸುತ್ತ ತಾಯಿಯ ಕಾಡಿಗೆಯೇ ಇತ್ತು.

ಅವಳು ಆ ಟವೆಲನ್ನು ಹಿಡಿದು ಎಳೆದಳು. ಇಬ್ಬರು ಗಂಡಸರ ಕೈಗಳು ಬೆತ್ತಲಾಗಿ ನಿಂತವು.

"ಈ ಕರು ಇವರದಲ್ಲ," ಎಂದಳು ತಮಿಳಿನಲ್ಲಿ, ಇಡೀ ಸಂತೆಗೆ ಕೇಳುವ ಹಾಗೆ. "ನನ್ನ ಹಸುವನ್ನ ನೋಡಿಕೊಳ್ಳೋಕೆ ಇವರ ಕೈಲಿ ಕೊಟ್ಟಿದ್ದೆ. ಅದರ ಕರು ಇದು. ಕೊಯಮತ್ತೂರು ವಕೀಲರ ಹತ್ತಿರ ನೋಟೀಸು ಕೊಡಿಸಿದೀನಿ. ಇದನ್ನ ಕೊಂಡೋರು ಕರು ಕೊಳ್ಳಲ್ಲ, ಕೇಸು ಕೊಳ್ತಾರೆ. ಯಾರಿಗೆ ಬೇಕು, ಮುಂದೆ ಬನ್ನಿ!"

ಯಾರೂ ಮುಂದೆ ಬರಲಿಲ್ಲ. ದಲ್ಲಾಳಿ ಟವೆಲನ್ನು ಹೆಗಲಿಗೆ ಹಾಕಿಕೊಂಡು, "ಮನೆ ಜಗಳ ಮನೇಲಿ ಮುಗಿಸ್ಕೊಂಡು ಬಾ, ಅಣ್ಣ," ಎಂದು ಬೇರೆ ಎತ್ತಿನ ಕಡೆ ನಡೆದ. ನಂಜಪ್ಪನ ಮುಖ ಕಪ್ಪಿಟ್ಟಿತು. "ಹೊಲಸು ಬಾಯಿಯೋಳೇ!" ಎಂದು ಕೈ ಎತ್ತಿದ.

"ಹೊಡೀರಿ ಬಾವ," ಎಂದಳು ಅವಳು ಕನ್ನಡದಲ್ಲಿ. "ಕಳ್ಳತನದ ಜೊತೆ ಅದೂ ಒಂದು ಸೇರಲಿ. ಹೊಡೀರಿ."

ಎತ್ತಿದ ಕೈ ಇಳಿಯಿತು. ಅವಳು ಹಗ್ಗ ಕಿತ್ತುಕೊಂಡು ನಡೆದಳು. ಕರು ಮೊದಲು ಕಾಲು ಊರಿ ನಿಂತು ಮೊಂಡು ಹಿಡಿಯಿತು. ಅವಳ ಪರಿಚಯವೇ ಅದಕ್ಕಿರಲಿಲ್ಲ. ಬೆನ್ನಿಗೆ ಒಂದು ಏಟು ಬಿದ್ದ ಮೇಲೆ ಹೊರಟಿತು. ಹಿಂದೆ ನಂಜಪ್ಪನ್, ಅವನ ಹಿಂದೆ ಸಂತೆಗೆ ಬಂದಿದ್ದ ಅರ್ಧ ನೇಕಾರರ ಬೀದಿ. ಅವಳು ಮನೆಗೆ ಹೋಗಲಿಲ್ಲ. ನೇರವಾಗಿ ಶಿವಲಿಂಗಂನ ಜಗಲಿಗೆ ಹೋಗಿ, ಕರುವನ್ನು ಅವನ ಕಂಬಕ್ಕೇ ಕಟ್ಟಿದಳು.

"ಏನಮ್ಮಾ ಇದು?" ಎಂದು ಶಿವಲಿಂಗಂ ಒಳಗಿನಿಂದ ಬಂದ.

"ನ್ಯಾಯ ಕೇಳೋಕೆ ಬಂದೆ ಮುದಲಾಳಿ. ಹೋದ ಸಲ ನೀವು ಹೇಳಿದ್ದು ನ್ಯಾಯ ಅಲ್ಲ."

ಮುದಲಾಳಿಗೆ ಹೀಗೆ ಮುಖದ ಮೇಲೆ ಹೇಳಿದವರು ಆ ಬೀದಿಯಲ್ಲಿ ಇರಲಿಲ್ಲ. ಹೇಳಿದರೆ ಮರುದಿನ ಮಗ್ಗಕ್ಕೆ ನೂಲು ಬರುವುದಿಲ್ಲ. ಅದು ಅವಳಿಗೂ ಗೊತ್ತಿತ್ತು. ಆದರೆ ಸಿಟ್ಟು ಆ ಭಯವನ್ನು ಎಲ್ಲೋ ದಾರಿಯಲ್ಲೇ ಬೀಳಿಸಿ ಬಂದಿತ್ತು.

"ಒಂದು ಮಾತು ಕೇಳ್ತೀನಿ, ಉತ್ತರ ಹೇಳಿ. ನೀವು ನನ್ನ ನಂಬಿ ನೂಲು ಕೊಡ್ತೀರಿ. ನಾನು ನನ್ನ ಮನೇಲಿ, ನನ್ನ ಮಗ್ಗದಲ್ಲಿ, ನನ್ನ ಮೈ ಮುರಿದು ನೇಯ್ತೀನಿ. ನಾಳೆ ನೀವು ಸೀರೆ ಕೊಡಮ್ಮಾ ಅಂತ ಬಂದಾಗ, 'ನೀವು ಕೊಟ್ಟಿದ್ದು ನೂಲು, ಅಷ್ಟೇ ತೂಕದ ನೂಲು ತಗೊಂಡು ಹೋಗಿ. ಸೀರೆ ಹುಟ್ಟಿದ್ದು ನನ್ನ ಮಗ್ಗದಲ್ಲಿ, ಸೀರೆ ನನ್ನದು' ಅಂದ್ರೆ ಸುಮ್ನೆ ಹೋಗ್ತೀರಾ?"

ಯಾರೋ ಹಿಂದೆ ಕಿಸಕ್ಕನೆ ನಕ್ಕರು. ಶಿವಲಿಂಗಂ ನಗಲಿಲ್ಲ. ಬಾಯಲ್ಲಿದ್ದ ಎಲೆಯಡಿಕೆ ಉಗುಳಿ, ನಂಜಪ್ಪನ ಕಡೆ ತಿರುಗಿದ.

"ನಿನ್ನ ಮಗ್ಗದಲ್ಲಿ ಈಗ ಇರೋದು ಯಾರ ನೂಲು, ನಂಜಪ್ಪಾ?"

"ನಿಮ್ಮದೇ ಮುದಲಾಳಿ. ಅದು ಬೇರೆ, ಇದು ಬೇರೆ…"

"ಹೇಗೆ ಬೇರೆ? ಹೇಳು. ನನಗೂ ತಿಳೀಲಿ."

ನಂಜಪ್ಪನ್ ಸೆಲ್ಲಮ್ಮನ ಕಡೆ ಕೈ ತೋರಿಸಿ, "ನೂಲಿಗೆ ಕೂಲಿ ಮಾತು ಆಗಿರತ್ತೆ. ಇವಳು ಹಸು ನೋಡ್ಕೋ ಅಂದಳೇ ಹೊರತು ಕರು ಮಾತೇ ಎತ್ತಲಿಲ್ಲ. ಹುಲ್ಲು, ಹಿಂಡಿಗೆ ಯಾರು ಕೊಟ್ಟರು? ಯಾರಾದರೂ ಕೇಳಿದೋರು ಇದ್ದರೆ ಹೇಳಲಿ," ಎಂದ.

"ನಾನು ಕೇಳಿದೀನಿ."

ರುಕ್ಮಣಿ ಯಾವಾಗ ಬಂದು ಗುಂಪಿನ ಅಂಚಿನಲ್ಲಿ ನಿಂತಿದ್ದಳೋ ಯಾರೂ ಗಮನಿಸಿರಲಿಲ್ಲ. ಕರುವನ್ನು ಸಂತೆಗೆ ಹೊಡೆದುಕೊಂಡು ಹೋದಾಗಿನಿಂದ ಅತ್ತಿದ್ದಳೆಂದು ಅವಳ ಮುಖ ಹೇಳುತ್ತಿತ್ತು. ಆದರೆ ದನಿ ಗಟ್ಟಿಯಾಗಿತ್ತು.

"ಬಾಗಿಲಲ್ಲಿ ನಿಂತಿದ್ದೆ. ಹಾಲು ನಿಮಗೆ, ಹುಲ್ಲು ಹಿಂಡಿ ಅದರಲ್ಲೇ ಸರಿ ಮಾಡ್ಕೊಳ್ಳಿ, ಬಂದ್ಮೇಲೆ ಹಸು ಕರು ಎರಡೂ ಕೊಡಿ ಅಂದಳು. ಇವರು ಆಯ್ತು ಅಂದ್ರು. ಹಾಲು ದಿನಾ ಟೀ ಅಂಗಡಿಗೆ ಹಾಕಿದೀವಿ. ಹುಲ್ಲು ಕೊಯ್ದೋಳು ನಾನು, ಅದನ್ನ ಬೆಳೆಸಿದೋಳು ನಾನು. ನನ್ನ ಕೇಳದೆ ಕಟುಕನಿಗೋ ಯಾರಿಗೋ ಮಾರೋಕೆ ಹೊರಟರು. ಅದು ಇವರದೂ ಅಲ್ಲ, ನನ್ನದೂ ಅಲ್ಲ. ಅವಳದು."

"ಏಯ್!" ಎಂದು ನಂಜಪ್ಪನ್ ಅವಳ ಕಡೆ ನುಗ್ಗಿದ. ಇಬ್ಬರು ಅವನ ತೋಳು ಹಿಡಿದರು. ರುಕ್ಮಣಿ ನಿಂತಲ್ಲಿಂದ ಅಲುಗಲಿಲ್ಲ.

ಶಿವಲಿಂಗಂ ಹೆಚ್ಚು ಮಾತಾಡಲಿಲ್ಲ. "ಕರು ಸೆಲ್ಲಮ್ಮನದು. ಇನ್ನು ಇದರ ಮಾತು ಎತ್ತಿದರೆ, ನಿನ್ನ ಮಗ್ಗದಲ್ಲಿರೋ ನನ್ನ ಹಾಸುನೂಲು ಕತ್ತರಿಸಿ ತಂದುಕೊಡು, ನಂಜಪ್ಪಾ. ಒಪ್ಪಿಸಿದ್ದನ್ನ ನುಂಗೋನ ಕೈಗೆ ನಾನು ನೂಲು ಕೊಡಲ್ಲ," ಎಂದು ಒಳಗೆ ಹೋದ. ಮೊದಲ ಸಲವೇ ಹೀಗೆ ಹೇಳಿದ್ದರೆ ಎಂದು ಸೆಲ್ಲಮ್ಮ ಹಲ್ಲು ಕಚ್ಚಿದಳು. ತನ್ನ ನೂಲಿನ ಮಾತು ಬರುವವರೆಗೆ ಅವನಿಗೂ ಅದು ಬರಿಯ ಹೆಂಗಸಿನ ಗಲಾಟೆಯಾಗಿತ್ತು.

ಕರುವನ್ನು ಕೊಟ್ಟಿಗೆಗೆ ಬಿಟ್ಟಾಗ ಹಸು ಅದನ್ನು ನೆಕ್ಕಿ ನೆಕ್ಕಿ ಒದ್ದೆ ಮಾಡಿತು. ಗೋವಿಂದಸಾಮಿ ಗೋಡೆ ಹಿಡಿದುಕೊಂಡು ಹತ್ತಿರ ಬಂದ. "ತಪ್ಪಾಯ್ತು, ಸೆಲ್ಲಾ," ಎಂದ. "ಹೂಂ," ಎಂದಳು ಅವಳು. ಅವತ್ತು ಅದಕ್ಕಿಂತ ಹೆಚ್ಚು ಕೊಡಲು ಅವಳ ಹತ್ತಿರ ಇರಲಿಲ್ಲ.

ಎರಡು ಮನೆಗಳ ಮಾತು ನಿಂತಿತು. ನಂಜಪ್ಪನ್ ಮಣ್ಣಿನ ಗೋಡೆಯ ಮೇಲೆ ಜಾಲಿ ಮುಳ್ಳು ಹೇರಿಸಿದ. ಹೆಂಡತಿಯ ಜೊತೆಗೂ ಮಾತು ಬಿಟ್ಟ. ಅವಳು ನೂಲಿಗೆ ಕೈ ಹಚ್ಚಿದರೆ ಕಿತ್ತುಕೊಳ್ಳುತ್ತಿದ್ದ. ಕೆಲವು ದಿನ ನೋಡಿದ ರುಕ್ಮಣಿ ಒಂದು ಬೆಳಿಗ್ಗೆ ಬೀದಿಯಿಂದ ಸುತ್ತಿಕೊಂಡು ಬಂದು ಸೆಲ್ಲಮ್ಮನ ಬಾಗಿಲಲ್ಲಿ ನಿಂತಳು.

"ನಿನ್ನ ಗಂಡನ ಮಗ್ಗ ಸುಮ್ನೆ ಇದೆ ಅಲ್ವಾ?"

ಸೆಲ್ಲಮ್ಮ ಅವಳನ್ನು ನೋಡಿದಳು. ತನ್ನ ಕೈ ತಿರುಚುವಾಗ ನೋಡುತ್ತ ನಿಂತಿದ್ದವಳು ಇವಳೇ. ಆ ಉರಿ ಇನ್ನೂ ಆರಿರಲಿಲ್ಲ. ಆರಿತು ಎಂದು ಸುಳ್ಳು ಹೇಳಲೂ ಅವಳು ಸಿದ್ಧಳಿರಲಿಲ್ಲ. "ಅವತ್ತು ಯಾಕಕ್ಕ ಬಾಯಿ ಮುಚ್ಕೊಂಡಿದ್ರಿ?" ಎಂದು ಕೇಳಿಯೇ ಬಿಟ್ಟಳು.

"ಹೆದರಿದ್ದೆ," ಎಂದಳು ರುಕ್ಮಣಿ. "ಕರು ನನ್ನ ಹತ್ತಿರ ಉಳಿಯತ್ತೆ ಅಂತ ಆಸೇನೂ ಇತ್ತು."

ಸೆಲ್ಲಮ್ಮ ಬಾಗಿಲಿನಿಂದ ಪಕ್ಕಕ್ಕೆ ಸರಿದಳು.

ಅಂದಿನಿಂದ ಗೋವಿಂದಸಾಮಿಯ ಮಗ್ಗದಲ್ಲಿ ರುಕ್ಮಣಿ ನೇಯತೊಡಗಿದಳು. ಶಿವಲಿಂಗಂ ಅವಳ ಹೆಸರಿಗೇ ನೂಲು ಕೊಟ್ಟ. ಮೂರನೆಯ ದಿನ ನಂಜಪ್ಪನ್ ಬೀದಿಯಲ್ಲಿ ನಿಂತು ಕೂಗಾಡಿದ.

"ಕರು ಆಯ್ತು, ಈಗ ನನ್ನ ಹೆಂಡತೀನೂ ಕಟ್ಕೊಂಡಿದೀಯಾ? ಕಳಿಸ್ತೀಯೋ ಇಲ್ವೋ?"

ಸೆಲ್ಲಮ್ಮ ಹೊರಗೆ ಬಂದಳು. ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಅವನಿಗಿಂತ ಜೋರಾಗಿ ಕೂಗಿದಳು: "ಅಕ್ಕನ್ನ ಯಾರೂ ನನ್ನ ಕೈಲಿ ಒಪ್ಪಿಸಿಲ್ಲ ಬಾವ, ನಾನು ಯಾರಿಗೂ ವಾಪಸ್ ಕೊಡಬೇಕಾಗಿಲ್ಲ! ತಾವೇ ನಡೆದು ಬಂದಿದಾರೆ, ಮನಸ್ಸಾದಾಗ ತಾವೇ ನಡೆದು ಹೋಗ್ತಾರೆ. ಹೋಗಿ!"

ಒಳಗೆ ಲಾಳಿಯ ಸದ್ದು ನಿಂತಿತು. ರುಕ್ಮಣಿ ಗುಂಡಿಯಲ್ಲಿ ಕೂತಲ್ಲಿಂದಲೇ ದನಿ ಎತ್ತಿದಳು.

"ಅನ್ನ ಒಲೆ ಮೇಲಿದೆ. ಹಾಕ್ಕೊಂಡು ತಿನ್ನಿ. ಇದನ್ನ ಮುಗಿಸ್ಕೊಂಡು ಬರ್ತೀನಿ."

ಮತ್ತೆ ಲಾಳಿ ಓಡಿತು. ನಂಜಪ್ಪನ್, ಅಕ್ಕಪಕ್ಕದ ಬಾಗಿಲುಗಳಲ್ಲಿ ತಲೆಗಳು ಕಾಣಿಸಿಕೊಂಡ ಮೇಲೆ ತನ್ನ ಮನೆಯೊಳಗೆ ಹೋದ.